ಕಣ್ಣಿನ ಸೋಂಕಿಗೆ ಮಾತ್ರೆ ಬರೆಯದೆ ಬರೀ ಆಂಟಿಬಯಾಟಿಕ್ ಹನಿ ಕೊಟ್ಟಿದ್ದಾರೆ, ಇಷ್ಟು ಸಾಕೇ?

ಸಾಕು. ಕಣ್ಣಿನ ಹೊರಮೈಯ ಬ್ಯಾಕ್ಟೀರಿಯಾ ಸೋಂಕಿಗೆ ಸಾಮಾನ್ಯವಾಗಿ ಮಾತ್ರೆಗಿಂತ ಹನಿಯೇ ಮೇಲು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ನುಂಗಿದ ಮಾತ್ರೆ ಮೈಯೆಲ್ಲ ಸುತ್ತಿದರೂ ಅಲ್ಲಿಗೆ ತಲುಪುವುದು ಅತ್ಯಲ್ಪ. ಹನಿ ನೇರವಾಗಿ ಸೋಂಕಿನ ಮೇಲೆಯೇ ಬೀಳುತ್ತದೆ.

ಬೇಗ ವಾಸಿಯಾಗಲೆಂದು ಪ್ರತಿ ಸಲ ಮೂರು ಹನಿ ಹಾಕುತ್ತಿರುವುದಾಗಿ ಬರೆದಿದ್ದೀರಿ. ನಾನು ಫಾರ್ಮಸಿಸ್ಟ್, ಈ ಮಾತು ಕೇಳಿದಾಗಲೆಲ್ಲ ವ್ಯರ್ಥವಾಗುವ ಔಷಧ ನೆನೆದು ಹೊಟ್ಟೆ ಉರಿಯುತ್ತದೆ. ಕಣ್ಣು ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಸುಮಾರು 30 ಮೈಕ್ರೋಲೀಟರ್. ಒಂದು ಹನಿಯೇ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಮಿಕ್ಕಿದ್ದೆಲ್ಲ ಕೆನ್ನೆಯ ಪಾಲು. ಒಳಗೆ ಉಳಿದದ್ದನ್ನೂ ಕಣ್ಣೀರು ಕೆಲವೇ ನಿಮಿಷಗಳಲ್ಲಿ ತೊಳೆದು ಮೂಗಿನ ಕಡೆಗೆ ಸಾಗಿಸುತ್ತದೆ. ಹನಿ ಹಾಕಿದ ಮೇಲೆ ಗಂಟಲು ಕಹಿಯಾಗುವುದು ಅದಕ್ಕೇ. ಆದ್ದರಿಂದ ಒಂದು ಹನಿ ಸಾಕು, ಹೇಳಿದ ಹೊತ್ತು ಮಾತ್ರ ತಪ್ಪಬಾರದು. ಕಾರ್ನಿಯಾದಲ್ಲಿ ಹುಣ್ಣಾದವರಿಗೆ ಮೊದಲೆರಡು ದಿನ ರಾತ್ರಿಯೂ ಎಬ್ಬಿಸಿ ಗಂಟೆಗೊಮ್ಮೆ ಹನಿ ಹಾಕಿಸುವುದುಂಟು.

ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದರೆ ಪುಟ್ಟ ಜೋಳಿಗೆಯಂತಾಗುತ್ತದೆ. ಹನಿ ಬೀಳಬೇಕಾದದ್ದು ಅಲ್ಲಿ. ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಿದರೆ ಸೋಂಕು ಔಷಧದೊಳಕ್ಕೇ ಸೇರಬಹುದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಬೇರೆ ಹನಿಯೂ ಇದ್ದರೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ.

ನಿಮ್ಮ ತಮ್ಮನಿಗೂ ಕಣ್ಣು ಕೆಂಪಾಗಿದೆಯೆಂದು ಇದೇ ಬಾಟಲಿಯನ್ನು ಕೊಡಬೇಡಿ. ಕೆಂಗಣ್ಣಿಗೆ ಅನೇಕ ಸಲ ಅಡಿನೋವೈರಸ್ ಕಾರಣ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡದು. ಗಟ್ಟಿ ಗೀಜು ಕಟ್ಟಿ ಬೆಳಿಗ್ಗೆ ರೆಪ್ಪೆ ಅಂಟಿಕೊಂಡರೆ ಬ್ಯಾಕ್ಟೀರಿಯಾ ಇರಬಹುದು, ಆದರೆ ಗೀಜು ನೋಡಿ ಖಚಿತವಾಗಿ ಹೇಳಲಾಗದು. ನನಗೆ ಹೆಚ್ಚು ಭಯ ಹುಟ್ಟಿಸುವುದು ಮನೆಯಲ್ಲಿ ಉಳಿದ, ಡೆಕ್ಸಾಮೆಥಸೋನ್‌ನಂತಹ ಸ್ಟೆರಾಯ್ಡ್ ಬೆರೆತ ಹನಿಗಳು. ಕೆಂಪು ಬೇಗನೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಒಳಗಿರುವುದು ಹರ್ಪಿಸ್ ವೈರಸ್ ಅಥವಾ ಶಿಲೀಂಧ್ರವಾಗಿದ್ದರೆ ಅಷ್ಟರಲ್ಲಿ ಅದು ಕಾರ್ನಿಯಾವನ್ನು ಕೊರೆಯುತ್ತಿರುತ್ತದೆ.

ನೋವು, ದೃಷ್ಟಿ ಮಸುಕು, ಬೆಳಕು ಸಹಿಸಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ ಲೆನ್ಸ್ ತೆಗೆದು ತೋರಿಸಬೇಕು. ನವಜಾತ ಶಿಶುವಿನ ವಿಷಯದಲ್ಲಂತೂ ಕಾಯುವ ಮಾತೇ ಇಲ್ಲ.

ಕೆಂಪು ಹೋದೊಡನೆ ನಿಲ್ಲಿಸಬಹುದೇ ಎಂದಿರಿ. ವೈದ್ಯರು ಹೇಳಿದಷ್ಟು ದಿನ ಹಾಕಿ ನಿಲ್ಲಿಸಿ, ಉಳಿದದ್ದನ್ನು ಎಸೆಯಿರಿ. ಬಾಟಲಿಯ ಮೇಲಿನ ದಿನಾಂಕ ಮುಚ್ಚಳ ತೆರೆಯದ ಬಾಟಲಿಗೆ; ತೆರೆದದ್ದನ್ನು ಸಾಮಾನ್ಯವಾಗಿ ತಿಂಗಳ ಮೇಲೆ ಇಟ್ಟುಕೊಳ್ಳುವುದಿಲ್ಲ.