ಪುಸ್ತಕ ಎತ್ತಿಡೋಕೂ ಒಂದು ಡಿಗ್ರಿ ಬೇಕಾ?

ಪ್ರಶ್ನೆ: ಅಕ್ಕಾ, ನನ್ನೂರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ವಯಸ್ಸು 29. ಗಂಡ, ಮಗನ ಜೊತೆ ದಾವಣಗೆರೆಯಲ್ಲಿದ್ದೇನೆ. ಕನ್ನಡ ಮೀಡಿಯಂನಲ್ಲಿ ಬಿ.ಎ. ಮುಗಿಸಿದ್ದೇನೆ. ನಾಲ್ಕು ವರ್ಷದಿಂದ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಕೆಲಸ. ನನಗೆ ಓದುವುದೆಂದರೆ ಪ್ರಾಣ, ಬಿ.ಲಿಬ್ (ಗ್ರಂಥಾಲಯ ವಿಜ್ಞಾನದ ಪದವಿ) ಮಾಡುವ ಆಸೆ. ಆದರೆ ನಮ್ಮ ಮಾವ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ 60,000 ರೂಪಾಯಿ ನನ್ನ ಕೈಗಿಟ್ಟು, "ಬಿ.ಇಡಿ. ಸೇರವ್ವ, ನಿನ್ನ ವಾರಗಿತ್ತಿ ಥರ ಟೀಚರ್ ಆಗು" ಅಂದರು. ಎದುರು ಮಾತಾಡಲಾಗದೆ ಹ್ಞೂಂ ಅಂದುಬಿಟ್ಟೆ. ಹಿಂದೊಮ್ಮೆ ಬಿ.ಲಿಬ್ ವಿಷಯ ಎತ್ತಿದಾಗ "ಪುಸ್ತಕ ಎತ್ತಿಡೋಕೂ ಒಂದು ಡಿಗ್ರಿ ಬೇಕಾ?" ಎಂದು ನಕ್ಕಿದ್ದರು. ಮಾವ ಕೆಟ್ಟವರಲ್ಲ. ಜೋಳಕ್ಕೆ ಸೈನಿಕ ಹುಳು ಬಿದ್ದಾಗ ನಾನು ಲೈಬ್ರರಿಯಲ್ಲಿ ಹುಡುಕಿ ಒಂದು ಕರಪತ್ರ ತಂದುಕೊಟ್ಟಿದ್ದೆ, ಅದನ್ನು ಊರಿಗೆಲ್ಲ ತೋರಿಸಿದ್ದರು. ನಮ್ಮ ಮನೆಯವರು "ನಿನ್ನಿಷ್ಟ, ಆದ್ರೆ ಅಪ್ಪನ ಹತ್ರ ನಾನು ಮಾತಾಡಲ್ಲ" ಅನ್ನುತ್ತಾರೆ. ಮಾವ ಕೊಟ್ಟ ದುಡ್ಡಲ್ಲೇ ಸುಮ್ನೆ ಬಿ.ಲಿಬ್ ಸೇರಿ, ಒಳ್ಳೆ ಕೆಲಸ ಸಿಕ್ಕ ಮೇಲೆ ಹೇಳಿದರೆ ಆಗಲ್ವಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗಲ್ಲ. ಆ ದುಡ್ಡು ಬಿ.ಇಡಿ.ಗೆ ಅಂತ ಕೊಟ್ಟದ್ದು. ಅದನ್ನು ಬೇರೆಯದಕ್ಕೆ ಕಟ್ಟಿದರೆ ನಾಳೆ ಮನೆಯಲ್ಲಿ ಜಗಳ ಆಗುವುದು ಬಿ.ಲಿಬ್ ಬಗ್ಗೆ ಅಲ್ಲ, ನಿಮ್ಮ ಸುಳ್ಳಿನ ಬಗ್ಗೆ. ಆಗ ನಿಮ್ಮ ಓದಿನ ಪರವಾಗಿ ಒಂದು ಮಾತಾಡುವವರೂ ಇರುವುದಿಲ್ಲ. ಈ ಗಂಟು ಬಿಚ್ಚುವುದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಬಿ.ಲಿಬ್ ನಿಮಗೆ ಸರಿಹೋಗುತ್ತದಾ ನೋಡೋಣ.

"ಓದುವುದೆಂದರೆ ಪ್ರಾಣ" ಎಂದು ಬರೆದಿದ್ದೀರಿ. ಅದೊಂದೇ ಕಾರಣವಾಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಲೈಬ್ರರಿಯಲ್ಲಿ ಕೆಲಸ ಮಾಡುವವರಿಗೆ ಕೂತು ಓದಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು. ಇಲ್ಲಿ ಪೂರ್ತಿ ಹಾಕಲಾಗದ ನಿಮ್ಮ ಪತ್ರದ ನಡುವೆ ಎಲ್ಲೋ ಹೀಗೆ ಬರೆದಿದ್ದೀರಿ: ಒಬ್ಬಳು ಹುಡುಗಿ ಬಂದು ಪುಸ್ತಕದ ಹೆಸರೂ ಗೊತ್ತಿಲ್ಲದೆ, ಬರೆದವರೂ ಗೊತ್ತಿಲ್ಲದೆ "ನೀಲಿ ರಟ್ಟಿನ ಪುಸ್ತಕ" ಅಂದಳು. ಯಾವ ಸೆಮಿಸ್ಟರ್, ಯಾವ ಮೇಷ್ಟ್ರು ಹೇಳಿದ್ದು, ಪಾಠದಲ್ಲಿ ಏನಿತ್ತು ಎಂದು ಮೂರು ಪ್ರಶ್ನೆ ಕೇಳಿ ನೀವು ಪುಸ್ತಕ ತೆಗೆದುಕೊಟ್ಟಿರಿ. ಅವಳ ಮುಖ ನೋಡಿ ಆ ದಿನವೆಲ್ಲ ಖುಷಿಯಾಗಿತ್ತು ಅಂದಿರಿ. ಈ ಖುಷಿ ಎಲ್ಲರಿಗೂ ಆಗುವುದಿಲ್ಲ. ಓದುಗರಿಗೆ ಏನು ಬೇಕು ಅಂತ ಅವರಿಗೇ ಸರಿಯಾಗಿ ಹೇಳಲು ಬಾರದಿದ್ದಾಗ ಕೇಳಿ ಕೇಳಿ ತಿಳಿದುಕೊಳ್ಳುವುದು ಗ್ರಂಥಪಾಲಕರ ಕೆಲಸದ ಜೀವಾಳ. ಬಿ.ಲಿಬ್‌ನಲ್ಲಿ ರೆಫರೆನ್ಸ್ ಸೇವೆ ಎಂದು ಅದನ್ನು ಪಾಠವಾಗಿಯೇ ಕಲಿಸುತ್ತಾರೆ. ನೀವು ಯಾರಿಂದಲೂ ಕಲಿಯದೆ ಮಾಡಿದಿರಿ.

ನಾನು ಪಿ.ಯು.ಸಿ. ಓದಿದ್ದು ಚಿತ್ರದುರ್ಗದಲ್ಲಿ. ನಮ್ಮ ಕಾಲೇಜಿನಲ್ಲಿ ಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗೆ ಬೀಗದಲ್ಲಿ ಇರುತ್ತಿದ್ದವು. ಗಾಜಿಗೆ ಮೂಗು ಒತ್ತಿ ಬೆನ್ನಿನ ಮೇಲಿನ ಹೆಸರು ಓದಬೇಕು, ಚೀಟಿ ಬರೆದು ಕೊಡಬೇಕು, ನಾಳೆ ಬಾ ಅನ್ನಿಸಿಕೊಳ್ಳಬೇಕು. ಎರಡನೇ ವರ್ಷಕ್ಕೆ ಹೊಸಬರೊಬ್ಬರು ಲೈಬ್ರರಿಯನ್ ಆಗಿ ಬಂದರು. ಬಂದ ವಾರದಲ್ಲೇ ಬೀಗ ತೆಗೆಸಿದರು. ಅವರು ಮಾಡಿದ್ದು ಅಷ್ಟೇ. ನಾನು ಇವತ್ತು ನಾಲ್ಕು ಅಕ್ಷರ ಬರೆಯುತ್ತಿದ್ದೇನೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು. ಹಾಗಾಗಿ "ಪುಸ್ತಕ ಎತ್ತಿಡೋಕೆ" ಎಂಬ ಮಾತು ಓದಿದಾಗ ನನಗೂ ನೋವಾಯಿತು.

ಟೀಚರ್ ದೊಡ್ಡದೋ ಲೈಬ್ರರಿಯನ್ ದೊಡ್ಡದೋ ಎಂಬ ಗೊಂದಲ ನಿಮ್ಮ ಮನೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಂದೆಯಂತಿರುವ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೆಲವೇ ದಿನಕ್ಕೆ ಬೇಜಾರಾಗಿ, ನನಗೆ ಪಾಠದ ಕೆಲಸವೇ ವಾಪಸ್ ಕೊಡಿ ಎಂದು ಹಳೇ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋದರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಏನೆಂದು ನೋಡಿ ಬಾ, ಆಮೇಲೂ ಬೇಡ ಅನ್ನಿಸಿದರೆ ವಾಪಸ್ ಬರುವೆಯಂತೆ ಎಂದು ಅವರು ಕಳಿಸಿದರು. ಹೋದವರು ಪಾಠಕ್ಕೆ ವಾಪಸ್ ಬರಲೇ ಇಲ್ಲ. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ನೀವು ಕೋರ್ಸಿನ ಶುರುವಿನಲ್ಲೇ ಓದುತ್ತೀರಿ. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು ಮೊದಲನೆಯದು. ಓದುಗರ ಸಮಯ ಉಳಿಸಿ ಎಂಬುದು ನಾಲ್ಕನೆಯದು.

ಈಗ ಕೋರ್ಸಿನ ಕಷ್ಟದ ಬಗ್ಗೆ ಹೇಳಲೇಬೇಕು. ಅಲ್ಲಿ ಕಥೆ, ಕಾದಂಬರಿ ಓದಿಸುವುದಿಲ್ಲ. ವರ್ಗೀಕರಣ (ಪುಸ್ತಕಗಳನ್ನು ವಿಷಯವಾರು ವಿಂಗಡಿಸುವುದು), ಸೂಚೀಕರಣ (ಅವುಗಳ ವಿವರದ ಪಟ್ಟಿ ಮಾಡುವುದು), ಕಂಪ್ಯೂಟರ್ ಇವೇ ಜಾಸ್ತಿ. ನಿಮ್ಮ ಲೈಬ್ರರಿಯ ಕನ್ನಡ ಪುಸ್ತಕಗಳ ಬೆನ್ನ ಮೇಲೆ 894.814 ಎಂದು ಶುರುವಾಗುವ ನಂಬರ್ ನೋಡಿರುತ್ತೀರಿ. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯದ ನಂಬರ್. ಮುಂದೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ, ಕಾದಂಬರಿ. ಇಷ್ಟು ದಿನ ಆ ನಂಬರ್ ನೋಡಿ ಪುಸ್ತಕ ಇಟ್ಟಿದ್ದೀರಿ. ಇನ್ನು ಮೇಲೆ ಪುಸ್ತಕ ನೋಡಿ ನಂಬರ್ ಕಟ್ಟಬೇಕು. ಪರೀಕ್ಷೆಯಲ್ಲಿ ಬರೀ ಪುಸ್ತಕದ ಹೆಸರು ಕೊಟ್ಟು ನಂಬರ್ ಬರೆಯಿರಿ ಅನ್ನುತ್ತಾರೆ. ಮೊದಮೊದಲು ತಲೆ ಕೆಡುತ್ತದೆ. ಇದರ ಜೊತೆ ಕೋಹಾ, ಇ-ಗ್ರಂಥಾಲಯದಂಥ ಲೈಬ್ರರಿ ಸಾಫ್ಟ್‌ವೇರ್ ಕಲಿಯಬೇಕು. ನಿಮ್ಮ ಕಾಲೇಜಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಿದ್ದರೆ ನೋಡಿರುತ್ತೀರಿ, ಲೈಬ್ರರಿ ಕಂಪ್ಯೂಟರೀಕರಣ ಆಗಿದೆಯಾ ಎಂದು ಕೇಳಿಯೇ ಕೇಳುತ್ತಾರೆ. ಆ ಕೆಲಸ ಬಲ್ಲವರಿಗೆ ಬೆಲೆ ಇದೆ. ಪಠ್ಯ ಹೆಚ್ಚಿನಂಶ ಇಂಗ್ಲಿಷ್‌ನಲ್ಲೇ ಇರುತ್ತದೆ. ನೀವು ಕನ್ನಡ ಮೀಡಿಯಂ ಎಂದಿದ್ದೀರಿ, ಇವತ್ತಿಂದಲೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಓದಲು ಇಟ್ಟುಕೊಳ್ಳಿ.

ಕೆಲಸದ ವಿಷಯದಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಬರೀ ಬಿ.ಲಿಬ್ ಆದವರಿಗೆ ಸಿಗುವುದು ಬಹುತೇಕ ಶಾಲೆಗಳಲ್ಲಿ ಅಥವಾ ಸಹಾಯಕರ ಕೆಲಸ. ಕೇಂದ್ರೀಯ ವಿದ್ಯಾಲಯದ ಲೈಬ್ರರಿಯನ್ ಹುದ್ದೆಗೆ ಅದು ಸಾಕು, ಆದರೆ ಅಲ್ಲಿ ಹಿಂದಿಯೂ ಬೇಕು. ಡಿಗ್ರಿ ಕಾಲೇಜಿನ ಗ್ರಂಥಪಾಲಕರಾಗಬೇಕಾದರೆ ಯು.ಜಿ.ಸಿ. ನಿಯಮದ ಪ್ರಕಾರ ಎಂ.ಲಿಬ್‌ನಲ್ಲಿ ಕನಿಷ್ಠ 55 ಪರ್ಸೆಂಟ್ ಇರಬೇಕು, ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಸರ್ಕಾರಿ ಹುದ್ದೆಯಾದರೆ ಸಂಬಳ ಅಸಿಸ್ಟೆಂಟ್ ಪ್ರೊಫೆಸರ್ ಶ್ರೇಣಿಯದೇ. ಈ ಮಾತನ್ನು ಮಾವನಿಗೆ ಖಂಡಿತ ಹೇಳಿ, ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಅಂಥ ಹುದ್ದೆಗಳನ್ನು ವರ್ಷ ವರ್ಷ ಕರೆಯುವುದಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಿ. ಬಿ.ಇಡಿ. ಕೂಡ ಮುಗಿದ ಕೂಡಲೇ ನೌಕರಿ ಕೊಡುವುದಿಲ್ಲ ಅಲ್ವಾ? ಎರಡು ವರ್ಷ ದಿನಾ ತರಗತಿಗೆ ಹೋಗಬೇಕು, ಆಮೇಲೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ), ಆಮೇಲೆ ನೇಮಕಾತಿಗೆ ಕಾಯುವುದು. ಅದಕ್ಕಾಗಿ ಈಗಿನ ಕೆಲಸ ಬಿಡಬೇಕಾಗುತ್ತದೆ. ಇದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಲ್ಲಿ ಈ ವಿಭಾಗ ಇದೆ. ಆದರೆ ಚಿಕ್ಕ ಮಗು ಇಟ್ಟುಕೊಂಡು ದಾವಣಗೆರೆಯಿಂದ ದಿನಾ ಓಡಾಡುವ ದೂರವಲ್ಲ. ನಿಮಗೆ ಮನೆಯಿಂದಲೇ ಓದಬಹುದಾದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಸರಿ ಅನ್ನಿಸುತ್ತದೆ. ಕೆಲಸ ಬಿಡಬೇಕಿಲ್ಲ. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ನಿಮ್ಮದೇ ಕಪಾಟಿನಲ್ಲಿ ಮಾಡಿ ನೋಡಬಹುದು, ಇದು ರೆಗ್ಯುಲರ್ ವಿದ್ಯಾರ್ಥಿಗಳಿಗೂ ಸಿಗದ ಅನುಕೂಲ. ಸೇರುವ ಮುಂಚೆ ಆ ವರ್ಷಕ್ಕೆ ಆ ಕೋರ್ಸಿಗೆ ಯು.ಜಿ.ಸಿ. ಮಾನ್ಯತೆ ಇದೆಯಾ ಎಂದು ನೋಡಿಕೊಳ್ಳಿ. ಸಂಪರ್ಕ ತರಗತಿ ಮತ್ತು ಪ್ರಾಕ್ಟಿಕಲ್ ದಿನಗಳಿಗೆ ರಜೆ ಕೊಡುತ್ತಾರಾ ಎಂದು ಕಾಲೇಜಿನಲ್ಲಿ ಈಗಲೇ ಕೇಳಿ. ಬರವಣಿಗೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಮಾವ. ಪತ್ರವನ್ನು ಎರಡು ಸಲ ಓದಿದೆ. "ಮಾವ ಕೆಟ್ಟವರಲ್ಲ" ಎಂದು ನೀವೇ ಬರೆದಿದ್ದೀರಿ, ನನಗೂ ಹಾಗೇ ಅನ್ನಿಸುತ್ತದೆ. ಜೋಳ ಮಾರಿದ ದುಡ್ಡನ್ನು ಮಗನ ಕೈಗೆ ಕೊಡದೆ ಸೊಸೆಯ ಕೈಗೆ ಕೊಟ್ಟು ಓದು ಎನ್ನುವವರು ಎಷ್ಟು ಜನ ಸಿಗುತ್ತಾರೆ? ಅವರಿಗೆ ಟೀಚರ್ ಕೆಲಸ ಕಣ್ಣಿಗೆ ಕಾಣುತ್ತದೆ, ಮನೆಯಲ್ಲೇ ಒಬ್ಬರಿದ್ದಾರೆ. ಲೈಬ್ರರಿ ಕೆಲಸ ಅಂದರೆ ಏನು ಅಂತ ಅವರಿಗೆ ಯಾರೂ ತೋರಿಸಿಲ್ಲ.

ಆದರೆ ನೀವು ಒಮ್ಮೆ ತೋರಿಸಿದ್ದೀರಿ. ಫಾಲ್ ಆರ್ಮಿವರ್ಮ್ ಎನ್ನುವ ಈ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದೇ 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಅದಕ್ಕಿಂತ ಮುಂಚೆ ನಮ್ಮ ರೈತರು ಆ ಹುಳುವನ್ನು ನೋಡಿರಲಿಲ್ಲ, ಅಪ್ಪನ ಕಾಲದ ಅನುಭವ ಇದಕ್ಕೆ ಸಾಲುತ್ತಿರಲಿಲ್ಲ. ಔಷಧಿ ಎಲೆಯ ಮೇಲೆ ಬಿದ್ದರೆ ಸಾಲದು, ಸುಳಿಯೊಳಗೆ ಇಳಿಯಬೇಕು ಎಂಬಂಥ ಮಾತು ಯಾರಾದರೂ ಸರಿಯಾದ ಕಾಗದ ಹುಡುಕಿ ತಂದರೆ ತಾನೇ ಗೊತ್ತಾಗುವುದು? ನಿಮ್ಮ ಮಾವ ಅವತ್ತು ನಿಮ್ಮ ಓದುಗರಾಗಿದ್ದರು. ಬೇಕಾದ ಮಾಹಿತಿ, ಬೇಕಾದ ಹೊತ್ತಿಗೆ, ಬೇಕಾದವರ ಕೈಗೆ ತಲುಪಿಸಿದಿರಿ.

ಹಾಗಾಗಿ ಈ ಭಾನುವಾರ ಊರಿಗೆ ಹೋಗಿ. ಫೋನಿನಲ್ಲಿ ಬೇಡ. ಮೊದಲು ಆ 60,000 ರೂಪಾಯಿಯನ್ನು ಹಾಗೇ ಅವರ ಮುಂದಿಡಿ. ಅವತ್ತು ಎದುರಾಡಲು ಹೆದರಿ ಹ್ಞೂಂ ಅಂದೆ, ತಪ್ಪಾಯಿತು ಅನ್ನಿ. ಆಮೇಲೆ, "ಮಾವ, ಆ ಹುಳದ ಕಾಗದ ನೆನಪಿದೆಯಾ? ನಾನು ಕಲೀಬೇಕು ಅಂತಿರೋದು ಅದನ್ನೇ" ಎಂದು ಹೇಳಿ ಸುಮ್ಮನಾಗಿ. ಅವರು ಬೈದರೂ ಬೈಯಲಿ, ಯೋಚಿಸಲು ಎರಡು ದಿನ ಬಿಡಿ. ಒಪ್ಪಿದರೆ ಅವರ ದುಡ್ಡಲ್ಲೇ ಸೇರಿ. ಒಪ್ಪದಿದ್ದರೆ ದುಡ್ಡು ಅವರ ಹತ್ತಿರವೇ ಇರಲಿ. ನಿಮ್ಮ ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಎತ್ತಿಟ್ಟು ಬರುವ ವರ್ಷ ಸೇರಿಕೊಳ್ಳಿ. ನಿಮಗಿನ್ನೂ 29, ಒಂದು ವರ್ಷ ತಡವಾದರೆ ಏನೂ ಮುಳುಗುವುದಿಲ್ಲ.

ಹೋಗುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರು ಮಾತಾಡುವುದು ಬೇಡ, ನಿಮ್ಮ ಪಕ್ಕದಲ್ಲಿ ಕೂತಿದ್ದರೆ ಸಾಕು ಎಂದು ನಾನು ಹೇಳಿದೆ ಅನ್ನಿ.