ಸೋತ ಗೇಮ್ ಡಬ್ಬಿಗಳ ಪರ ವಕಾಲತ್ತು

ಹೋದ ತಿಂಗಳು ಈ ಅಂಕಣದಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಮಾರುಕಟ್ಟೆಯಲ್ಲಿ ಸೋತ ವಿಡಿಯೋ ಗೇಮ್ ಯಂತ್ರಗಳಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ನಂಥದ್ದು ಇನ್ನೊಂದಿಲ್ಲ ಅಂತ. ಅದಕ್ಕೆ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಬಂದ ಪತ್ರಗಳನ್ನು ನೋಡಿದರೆ, ನಮ್ಮ ಜನ ಕಾಫಿ ರೇಟು, ಆನೆ ಕಾಟ ಬಿಟ್ಟರೆ ಇದನ್ನೇ ಮಾತಾಡುತ್ತಾರೇನೋ ಅನ್ನಿಸಿತು. ಹಾಗಾಗಿ ಈ ತಿಂಗಳು ಮೊಬೈಲ್, ಲ್ಯಾಪ್‌ಟಾಪ್ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ಡ್ರೀಮ್‌ಕಾಸ್ಟ್ ದೊಡ್ಡದು ಅಂತೀರಲ್ಲ, ಅದಕ್ಕೂ ಮುಂಚೆ ಅದೇ ಸೆಗಾದ ಸ್ಯಾಟರ್ನ್ ಇತ್ತು, ಅದನ್ನು ಮರೆತಿರಾ? ನನ್ನ ಹತ್ತಿರ ಜಪಾನಿನ ಸ್ಯಾಟರ್ನ್ ಇದೆ, ಹೋದ ಭಾನುವಾರವೂ ಆಡಿದೆ. ಹಾಸನದಲ್ಲಿರುವ ನನ್ನ ಭಾವ ಮಾತ್ರ "ಸೋತದ್ದು ಸೋತದ್ದೇ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಏನು ಬಂತು" ಅಂತ ಆಡಿಕೊಳ್ಳುತ್ತಾನೆ. ಯಾರು ಸರಿ? — ಓದುಗ, ಚಿಕ್ಕಮಗಳೂರು

ಮರೆತಿಲ್ಲ ಮಾರಾಯರೇ. ನಿಮ್ಮ ಭಾವ ಅಮೆರಿಕದ ಲೆಕ್ಕ ಹೇಳುತ್ತಿದ್ದಾರೆ, ನೀವು ಜಪಾನಿನ ಲೆಕ್ಕ ಹೇಳುತ್ತಿದ್ದೀರಿ. ಜಗಳ ಇರುವುದೇ ಅಲ್ಲಿ.

ಸ್ಯಾಟರ್ನ್ ಜಪಾನಿನಲ್ಲಿ ಬಂದದ್ದು 1994ರ ನವೆಂಬರ್‌ನಲ್ಲಿ. ಅಲ್ಲಿ ಅದು ಸೋಲಲಿಲ್ಲ, ಪ್ರತಿಸ್ಪರ್ಧಿ ಯಂತ್ರ ನಿಂಟೆಂಡೋ 64ಕ್ಕಿಂತ ಜಾಸ್ತಿಯೇ ಮಾರಾಟವಾಯಿತು. ಅಮೆರಿಕದಲ್ಲಿ ನಡೆದದ್ದೇ ಬೇರೆ. ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಅಂತ ಮೊದಲೇ ಹೇಳಿಟ್ಟಿದ್ದರು. 1995ರ ಮೇ 11ರಂದು ಲಾಸ್ ಏಂಜಲೀಸ್‌ನ ಇ3 ಅನ್ನುವ ವಿಡಿಯೋ ಗೇಮ್ ಮೇಳದಲ್ಲಿ ವೇದಿಕೆ ಹತ್ತಿ, ಇವತ್ತಿನಿಂದಲೇ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ 399 ಡಾಲರ್ ಅಂದರು. ಯಾವ ಅಂಗಡಿಯಲ್ಲಿ? ನಾಲ್ಕೇ ನಾಲ್ಕು ಸರಣಿ ಅಂಗಡಿಗಳಲ್ಲಿ. ಉಳಿದ ಅಂಗಡಿಯವರಿಗೆ ಸುದ್ದಿಯೇ ಇಲ್ಲ. ಮದುವೆ ಊಟಕ್ಕೆ ಕರೆದು, ಹೋದಾಗ ಊಟ ನಿನ್ನೆಯೇ ಮುಗಿಯಿತು ಅಂದ ಹಾಗಾಯಿತು. ಕೆಲವರು ಸಿಟ್ಟಿಗೆದ್ದು ಸೆಗಾ ಸಾಮಾನು ಇಡುವುದನ್ನೇ ಬಿಟ್ಟರು. ಆಟ ತಯಾರಿಸುವವರೂ ಸೆಪ್ಟೆಂಬರ್ ಅಂತ ನಂಬಿಕೊಂಡಿದ್ದರು, ಅವರ ಆಟಗಳು ಅರ್ಧದಲ್ಲೇ ಇದ್ದವು. ಅದೇ ಮೇಳದಲ್ಲಿ ಸೋನಿಯವರು ವೇದಿಕೆಗೆ ಬಂದು ತಮ್ಮ ಪ್ಲೇಸ್ಟೇಷನ್ ಬೆಲೆ "299" ಅಂತ ಹೇಳಿ ಇಳಿದು ಹೋದರು. ನೂರು ಡಾಲರ್ ಕಮ್ಮಿ. ಮುಗೀತು.

ಇದರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲವಾ? ಇತ್ತು. ಒಳಗೆ ಹಿಟಾಚಿಯ ಎಸ್‌ಎಚ್-2 ಪ್ರೊಸೆಸರ್ ಒಂದಲ್ಲ, ಎರಡು. ಎರಡನ್ನೂ ಒಟ್ಟಿಗೆ ದುಡಿಸುವುದು ಪ್ರೋಗ್ರಾಮರ್‌ಗಳಿಗೆ ತಲೆನೋವು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ಕಡೆ ಎಳೆದ ಹಾಗೆ. ಇನ್ನೊಂದು, ಮೂರು ಆಯಾಮದ ಚಿತ್ರವನ್ನು ಬೇರೆಯವರು ತ್ರಿಕೋನಗಳಿಂದ ಕಟ್ಟುತ್ತಿದ್ದರೆ ಸ್ಯಾಟರ್ನ್ ನಾಲ್ಕು ಮೂಲೆಯ ತುಂಡುಗಳಿಂದ ಕಟ್ಟುತ್ತಿತ್ತು. ಹಾಗಾಗಿ ಪ್ಲೇಸ್ಟೇಷನ್‌ಗೆ ಬರೆದ ಆಟವನ್ನು ಇದಕ್ಕೆ ತರುವುದು ಕಷ್ಟದ ಕೆಲಸ. ಆದರೆ ಎರಡು ಆಯಾಮದ ಆಟ, ಅದರಲ್ಲೂ ಕೈಕಾಲು ಎತ್ತಿ ಹೊಡೆದಾಡುವ ಆಟ ಹಾಕಿದರೆ ಆ ಕಾಲದಲ್ಲಿ ಅದರ ಮುಂದೆ ಪ್ಲೇಸ್ಟೇಷನ್ ಸಪ್ಪೆ. ನೀವು ಭಾನುವಾರ ಆಡಿದ್ದು ಅಂಥದ್ದೇ ಇರಬೇಕು, ಅಲ್ವಾ?

ಸ್ಯಾಟರ್ನ್ ಒಟ್ಟು ಸುಮಾರು 92 ಲಕ್ಷ ಹೋಯಿತು, ಡ್ರೀಮ್‌ಕಾಸ್ಟ್ ಸುಮಾರು 91 ಲಕ್ಷ. ಹೆಚ್ಚುಕಮ್ಮಿ ಸಮ. ಆದರೂ ನಾನು ಡ್ರೀಮ್‌ಕಾಸ್ಟ್ ಕಡೆಗೇ. ಕಾರಣ ಮುಂದಿನ ಉತ್ತರದಲ್ಲಿದೆ, ಭಾವನಿಗೂ ಓದಿ ಹೇಳಿ.

ಪ್ರಶ್ನೆ: ಡ್ರೀಮ್‌ಕಾಸ್ಟ್ ಅಷ್ಟು ಒಳ್ಳೆಯದಾಗಿದ್ದರೆ ಎರಡು ಮೂರು ವರ್ಷದಲ್ಲೇ ಯಾಕೆ ಸತ್ತಿತು? ಕಳ್ಳ ಸಿಡಿಗಳಿಂದ ಅಂತ ನಮ್ಮ ಹಾಸ್ಟೆಲ್‌ನಲ್ಲಿ ವಾದ. — ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಕಳ್ಳ ಸಿಡಿ ಕಥೆ ನಿಜ, ಆದರೆ ಸಾವಿಗೆ ಅದು ಕಾರಣ ಅಲ್ಲ. ಅದರ ಆಟಗಳು ಬರುತ್ತಿದ್ದದ್ದು ಜಿಡಿ-ರಾಮ್ ಅನ್ನುವ ತಟ್ಟೆಯಲ್ಲಿ. ಸುಮಾರು 1 ಜಿಬಿ ಹಿಡಿಯುವ ಅದನ್ನು ಮನೆಯಲ್ಲಿ ಬರೆಯಲು ಆಗುತ್ತಿರಲಿಲ್ಲ. ಆದರೆ ಹಾಡಿನ ಸಿಡಿ ಜೊತೆ ಸ್ವಲ್ಪ ಚಿತ್ರ, ಮೆನು ತೋರಿಸಲಿ ಅಂತ ಸೆಗಾದವರೇ ಮಿಲ್-ಸಿಡಿ ಅಂತ ಒಂದು ಹಿತ್ತಲ ಬಾಗಿಲು ಇಟ್ಟಿದ್ದರು. ಕಳ್ಳರು ಅಲ್ಲಿಂದ ನುಗ್ಗಿದರು. ಮುಂಬಾಗಿಲಿಗೆ ಮೂರು ಬೀಗ ಹಾಕಿ ಬಚ್ಚಲ ಕಡೆ ಚಿಲಕ ಹಾಕುವುದನ್ನು ಮರೆತ ಹಾಗೆ.

ನಿಜವಾದ ಕಾರಣ ಹಳೆಯ ಸಾಲ ಮತ್ತು ಹಳೆಯ ಹೆಸರು. ಸೆಗಾ 1994ರಲ್ಲಿ ತನ್ನ ಹಳೇ ಗೇಮ್ ಯಂತ್ರ ಮೆಗಾ ಡ್ರೈವ್ ಮೇಲೆ ಕೂರಿಸುವ 32ಎಕ್ಸ್ ಅನ್ನುವ ತುಂಡು ಮಾರಿತು. ಕೆಲವೇ ತಿಂಗಳಲ್ಲಿ ಸ್ಯಾಟರ್ನ್ ಬಂದು, 32ಎಕ್ಸ್ ಕೊಂಡವರು ಪೆಚ್ಚಾದರು. ಆಮೇಲೆ ಸ್ಯಾಟರ್ನ್ ಕಥೆ ಮೇಲೆ ಹೇಳಿದೆನಲ್ಲ. ಎರಡು ಸಲ ಕೈ ಸುಟ್ಟುಕೊಂಡ ಗಿರಾಕಿ ಮೂರನೇ ಸಲ ಅಂಗಡಿ ಹೊರಗೆ ನಿಂತು ನೋಡುತ್ತಾನೆ. ಆ ಹೊತ್ತಿಗೆ ಪ್ಲೇಸ್ಟೇಷನ್ 2 ಬರುತ್ತದೆ ಅನ್ನುವ ಸುದ್ದಿ. ಅದರಲ್ಲಿ ಡಿವಿಡಿ ಸಿನಿಮಾ ಬೇರೆ ನೋಡಬಹುದು. ಡಿವಿಡಿ ಪ್ಲೇಯರ್ ಆಗ ದುಬಾರಿ ಸಾಮಾನು, ಗೇಮ್ ಆಡದವರೂ ಅದಕ್ಕೋಸ್ಕರ ಕೊಂಡರು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ತನ್ನ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಳನ್ನು ಡ್ರೀಮ್‌ಕಾಸ್ಟ್‌ಗೆ ಕೊಡಲೇ ಇಲ್ಲ. 2001ರ ಜನವರಿ ಕೊನೆಯಲ್ಲಿ ಸೆಗಾ ಇನ್ನು ಯಂತ್ರ ಮಾಡುವುದಿಲ್ಲ ಅಂತ ಹೇಳಿತು. ಅಧ್ಯಕ್ಷರಾಗಿದ್ದ ಇಸಾವೊ ಒಕಾವಾ ತಮ್ಮ ಸ್ವಂತದ ಸುಮಾರು 70 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕಂಪನಿಗೆ ಬಿಟ್ಟುಕೊಟ್ಟು ಅದೇ ಮಾರ್ಚ್‌ನಲ್ಲಿ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ. ಮುಳುಗುವ ಹಡಗಿಗೆ ತನ್ನ ಮನೆ ಮಾರಿ ಹಲಗೆ ತಂದುಕೊಡುವ ಮಾಲೀಕರು ಎಷ್ಟು ಜನ ಸಿಗುತ್ತಾರೆ ಹೇಳಿ.

ಇನ್ನು ಯಂತ್ರ. 1998ರಲ್ಲಿ ಮೋಡೆಮ್ ಒಳಗೇ ಕೂರಿಸಿ ಕೊಟ್ಟಿದ್ದರು. ಹಾಸನದಲ್ಲಿ ಆಗ ಮನೆಯಲ್ಲಿ ಇಂಟರ್ನೆಟ್ ಇದ್ದವರು ಬೆರಳೆಣಿಕೆ, ಫೋನ್ ಬಿಲ್ ನೋಡಿ ಅಪ್ಪ ಬೈಯುವ ಕಾಲ, ಅಂಥ ಕಾಲದಲ್ಲಿ ಜಪಾನಿನವರು ಟಿವಿ ಮುಂದೆ ಕೂತು ಬೇರೆ ಊರಿನವರ ಜೊತೆ ಆಡುತ್ತಿದ್ದರು. ಮೆಮೊರಿ ಕಾರ್ಡಿಗೇ ಪುಟ್ಟ ಪರದೆ, ಬಟನ್ನು. ಕಿತ್ತು ಜೇಬಿಗೆ ಹಾಕಿಕೊಂಡರೆ ಅದೇ ಒಂದು ಆಟಿಕೆ. ವಿಜಿಎ ಡಬ್ಬಿ ಹಾಕಿದರೆ ಕಂಪ್ಯೂಟರ್ ಮಾನಿಟರ್‌ನಲ್ಲೇ ಚಿತ್ರ. ನಾನು ಈಗಲೂ ಹಳೆಯ ಮಾನಿಟರ್ ಒಂದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ. ಅಂಚು ಅಂಚೂ ಗರಿಗರಿ. ಇಪ್ಪತ್ತೈದು ವರ್ಷ ದಾಟಿದ ಯಂತ್ರ ಅಂದರೆ ನಂಬುವುದಿಲ್ಲ.

ಪ್ರಶ್ನೆ: ಅಟಾರಿ ಜಾಗ್ವಾರ್ 64 ಬಿಟ್. ಪ್ಲೇಸ್ಟೇಷನ್ ಬರೀ 32 ಬಿಟ್. ಲೆಕ್ಕದ ಪ್ರಕಾರ ಜಾಗ್ವಾರ್ ಗೆಲ್ಲಬೇಕಿತ್ತು. ಮೋಸ ಆಯಿತಾ? — ಓದುಗ, ಸಕಲೇಶಪುರ

ನೀವು ಸಕಲೇಶಪುರದವರು, ನಿಮಗೆ ಬೇಗ ಅರ್ಥ ಆಗುತ್ತದೆ. ಬಿಟ್ ಅಂದರೆ ರಸ್ತೆಯ ಅಗಲ. ರಸ್ತೆ ಎಷ್ಟೇ ಅಗಲ ಇರಲಿ, ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಒಂದು ಮುಂದೆ ಸಿಕ್ಕಿತು ಅಂದರೆ ಏನಾಗುತ್ತದೆ? ಜಾಗ್ವಾರ್ ಒಳಗೆ ಟಾಮ್, ಜೆರ್ರಿ ಅಂತ ಎರಡು ಜೋರಾದ ಚಿಪ್ ಇದ್ದವು. 64 ಬಿಟ್ ದಾರಿ ಇದ್ದದ್ದು ನಿಜ. ಆದರೆ ಆ ಚಿಪ್‌ಗಳಲ್ಲಿ ಹುಳುಕು, ಅವನ್ನು ಬಳಸಲು ಕೊಟ್ಟ ಸಲಕರಣೆಯೂ ಅರೆಬರೆ. ಹಾಗಾಗಿ ಎಷ್ಟೋ ಪ್ರೋಗ್ರಾಮರ್‌ಗಳು ಪಕ್ಕದಲ್ಲಿದ್ದ ಹಳೇ ಮೊಟೊರೊಲಾ 68000 ಚಿಪ್ ಮೇಲೇ ಕೆಲಸ ಹೊರಿಸಿದರು. ಅದೇ ಆ ಲಾರಿ. 1993ರಲ್ಲಿ ಬಂದು 1996ಕ್ಕೆ ನಿಂತುಹೋಯಿತು, ಮಾರಾಟವಾದದ್ದು ಎರಡೂವರೆ ಲಕ್ಷದೊಳಗೆ.

ಮೋಸ ಏನಿಲ್ಲ, ಜಾಹೀರಾತು ಜಾಸ್ತಿ ಆಯಿತು ಅಷ್ಟೇ. ಒಂದು ತಮಾಷೆ ಕೇಳಿ. ಅದರ ಹೊರಕವಚದ ಅಚ್ಚುಗಳನ್ನು ಆಮೇಲೆ ಹಲ್ಲಿನ ಡಾಕ್ಟರ್ ಉಪಯೋಗಿಸುವ ಕ್ಯಾಮೆರಾ ಮಾಡುವವರು ಕೊಂಡರು. ಗೇಮ್ ಆಡಲು ಮಾಡಿದ ಡಬ್ಬಿ ಕೊನೆಗೆ ಹುಳುಕು ಹಲ್ಲು ನೋಡಲು ಹೋಯಿತು. 1999ರಲ್ಲಿ ಹಕ್ಕು ಹೊಂದಿದ್ದ ಹ್ಯಾಸ್‌ಬ್ರೊ ಕಂಪನಿ, ಜಾಗ್ವಾರ್‌ಗೆ ಯಾರು ಬೇಕಾದರೂ ಆಟ ಬರೆಯಿರಿ ಅಂತ ಬಿಟ್ಟುಕೊಟ್ಟಿತು. ಹವ್ಯಾಸಿಗಳು ಆಮೇಲೂ ಅದಕ್ಕೆ ಹೊಸ ಆಟ ಬರೆದಿದ್ದಾರೆ.

ಪ್ರಶ್ನೆ: ನಿಂಟೆಂಡೋದ ವರ್ಚುವಲ್ ಬಾಯ್ ಪರ ನೀವಾದರೂ ಮಾತಾಡುತ್ತೀರಾ? — ಓದುಗರು, ಮೂಡಿಗೆರೆ

ಇಲ್ಲ. ವಕೀಲನಿಗೂ ಒಂದು ಮಿತಿ ಇದೆ.

ಸರಿ, ಎರಡು ಮಾತು ಹೇಳುತ್ತೇನೆ. 1995ರಲ್ಲಿ ಬಂತು, ವರ್ಷದೊಳಗೆ ಹೋಯಿತು. ಮಾರಾಟ ಎಂಟು ಲಕ್ಷವೂ ಮುಟ್ಟಲಿಲ್ಲ, ಬಂದ ಆಟಗಳೇ 22. ಮೇಜಿನ ಮೇಲೆ ಸ್ಟ್ಯಾಂಡ್ ಇಟ್ಟು, ಬಗ್ಗಿ, ಮುಖ ಒಳಗೆ ತೂರಿಸಿ ಆಡಬೇಕು. ಕಾಣುವುದೆಲ್ಲ ಕೆಂಪು ಮತ್ತು ಕಪ್ಪು. ಆಗ ಕೆಂಪು ಎಲ್‌ಇಡಿ ಮಾತ್ರ ಅಗ್ಗ, ಹಾಗಾಗಿ ಎಲ್ಲವೂ ಕೆಂಪು. ಕತ್ತು ನೋವು, ಕಣ್ಣು ನೋವು ಅಂತ ಜನ ದೂರಿದರು. ಆಟದ ನಡುವೆ ವಿರಾಮ ತಗೊಳ್ಳಿ ಅಂತ ಯಂತ್ರವೇ ನೆನಪಿಸುತ್ತಿತ್ತು. ಇದನ್ನು ಮಾಡಿಸಿದ್ದು ಗುನ್‌ಪೇ ಯೊಕೊಯ್. ಗೇಮ್ ಬಾಯ್ ಕೊಟ್ಟವರೂ ಅವರೇ. ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಆಡುವ ಆಟ ಕೊಟ್ಟ ಮನುಷ್ಯ, ಬಗ್ಗಿ ಕೂತು ಒಂಟಿಯಾಗಿ ಆಡುವ ಯಂತ್ರ ಯಾಕೆ ಮಾಡಿದರೋ! ಇಲ್ಲಿ ಮಾತ್ರ ಸೋತದ್ದು ಯಂತ್ರವೇ, ಅಂಗಡಿಯವರನ್ನು, ಬೆಲೆಯನ್ನು ದೂರಿ ಪ್ರಯೋಜನ ಇಲ್ಲ.

ಪ್ರಶ್ನೆ: ನೋಕಿಯಾ ಎನ್-ಗೇಜ್ ಸೋತ ಪಟ್ಟಿಗೆ ಸೇರುತ್ತದಾ? ಕಾಲೇಜಿನಲ್ಲಿ ನನ್ನ ಹತ್ತಿರ ಇತ್ತು. — ಓದುಗ, ಬೇಲೂರು

ಖಂಡಿತ. ಫೋನು, ಗೇಮ್ ಯಂತ್ರ ಎರಡೂ ಒಂದರಲ್ಲೇ ಅಂತ ಬಂದದ್ದು ಅದು. ಆಟ ಬದಲಿಸಬೇಕಾದರೆ ಬ್ಯಾಟರಿ ಬಿಚ್ಚಬೇಕು, ಮಾತಾಡಬೇಕಾದರೆ ಫೋನಿನ ಅಂಚನ್ನು ಕಿವಿಗೆ ಹಿಡಿಯಬೇಕು. ಚಪಾತಿ ಮಡಚಿ ಕಿವಿಗಿಟ್ಟ ಹಾಗೆ. 2003ರ ಈ ತಪ್ಪನ್ನು 2004ರ ಕ್ಯೂಡಿ ಮಾದರಿಯಲ್ಲಿ ತಿದ್ದಿದರು, ಅಷ್ಟರಲ್ಲಿ ಜನ ನಕ್ಕು ಮುಗಿಸಿದ್ದರು. ಆದರೂ ಫೋನಿನಲ್ಲೇ ದೊಡ್ಡ ಆಟ ಅನ್ನುವ ಯೋಚನೆ ಸರಿಯಾಗಿಯೇ ಇತ್ತು, ಈಗ ನಿಮ್ಮ ಮಕ್ಕಳನ್ನು ನೋಡಿ.

ಪ್ರಶ್ನೆ: ಮನೆಯವರು ಹಳೇ ಗೇಮ್ ಡಬ್ಬಿ ಕೊಂಡು ಕೊಂಡು ಅಟ್ಟ ತುಂಬಿಸಿದ್ದಾರೆ. ಮುಂದೆ ಒಳ್ಳೇ ಬೆಲೆ ಬರುತ್ತದೆ ಅಂತಾರೆ. ಹೌದಾ? — ಗೃಹಿಣಿ, ಅರಸೀಕೆರೆ

ಬರುತ್ತದೆ. ಆದರೆ ಅವರು ಮಾರುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ತನ್ನ ಹಳೇ ಡ್ರೀಮ್‌ಕಾಸ್ಟ್ ಕೊಟ್ಟಿದ್ದಾನೆ. ಇನ್ನೂ ಆನ್ ಮಾಡಿಲ್ಲ. ನಮ್ಮ ಮಳೆ, ಕರೆಂಟು ನೆನೆದರೆ ಭಯ. — ಓದುಗ, ಕೊಪ್ಪ

ಆನ್ ಮಾಡದಿದ್ದದ್ದೇ ಪುಣ್ಯ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಹಾಕಿದರೆ ಢಮಾರ್. ಇದು ಅನುಭವದ ಮಾತು. ನನ್ನ ಮೊದಲನೆಯದು ಹೋದದ್ದೇ ಹಾಗೆ. ಪರಿಚಯದ ಅಂಗಡಿಯವರೊಬ್ಬರು "ಏನೂ ಆಗಲ್ಲ ಸಾರ್, ಹಾಕಿ" ಅಂದರು, ನಾನೂ ಹಾಕಿದೆ, ಅರ್ಧ ಸೆಕೆಂಡ್‌ನಲ್ಲಿ ಸುಟ್ಟ ವಾಸನೆ. ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಇಲ್ಲವೇ ಯುರೋಪ್ ಮಾದರಿಯ ಪವರ್ ಬೋರ್ಡ್ ಹುಡುಕಿ, ಬಿಚ್ಚಿ ಬದಲಿಸಬಹುದು. ಯಾವುದಾದರೂ ಸರಿ, ಮುಂದೆ ಒಂದು ಸ್ಟೆಬಿಲೈಸರ್ ಇರಲಿ.

ಆಡುತ್ತಿರುವಾಗ ತಾನಾಗೇ ರೀಸೆಟ್ ಆದರೆ ಗಾಬರಿ ಬೇಡ. ಪವರ್ ಬೋರ್ಡ್ ಕೂರುವ ಪಿನ್‌ಗಳು ಕೊಳೆಯಾಗಿರುತ್ತವೆ, ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಪ್ರತಿ ಸಲ ದಿನಾಂಕ ಕೇಳಿದರೆ ಒಳಗಿನ ಬ್ಯಾಟರಿ ಸತ್ತಿದೆ ಅಂತ. ಅದು ಚಾರ್ಜ್ ಆಗುವ ಎಂಎಲ್2032. ಅಂಗಡಿಯಲ್ಲಿ ಸಿಗುವ ಸಾದಾ ಸಿಆರ್2032 ತಂದು ಹಾಗೇ ಬೆಸುಗೆ ಹಾಕಬೇಡಿ. ಅದು ಚಾರ್ಜ್ ಮಾಡುವ ಬ್ಯಾಟರಿ ಅಲ್ಲ, ಸೋರಬಹುದು, ಉಬ್ಬಬಹುದು.

ಇನ್ನು ಮಳೆಗಾಲ. ಜೂನ್‌ನಿಂದ ಮೂರು ತಿಂಗಳು ನಿಮ್ಮಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಡಿಸ್ಕ್ ಬಿಡುತ್ತದಾ? ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ವಾರಕ್ಕೊಂದು ಸಲ ಅರ್ಧ ಗಂಟೆ ಯಂತ್ರ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಅಡಿಕೆ ಹಾಗೆ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಒಬ್ಬರು ಇಟ್ಟಿದ್ದರು. ಹೊಗೆ ಕುಡಿದ ಲೆನ್ಸ್ ಆಮೇಲೆ ಏನನ್ನೂ ಓದಲಿಲ್ಲ.

ಪ್ರಶ್ನೆ: ಇವೆಲ್ಲ ದೊಡ್ಡವರ ಮಾತಾಯಿತು. ನಮ್ಮ ಮನೆಯಲ್ಲಿದ್ದದ್ದು ಹಾಸನದಿಂದ ತಂದ ಟಿವಿ ಗೇಮು, "9999 ಆಟ" ಅಂತ ಬರೆದ ಹಳದಿ ಕ್ಯಾಸೆಟ್ಟು. ಅದು ಸೋತದ್ದೋ ಗೆದ್ದದ್ದೋ? — ಓದುಗ, ಹೊಳೆನರಸೀಪುರ

ಈ ತಿಂಗಳ ಒಳ್ಳೆಯ ಪ್ರಶ್ನೆ ಇದು. ಆ ಡಬ್ಬಿ ನಿಂಟೆಂಡೋದ 1983ರ ಫ್ಯಾಮಿಕಾಮ್‌ನ ನಕಲು. ಅಸಲಿ ಯಂತ್ರ ಲೋಕದಲ್ಲೆಲ್ಲ ಸೇರಿ ಆರು ಕೋಟಿಗೂ ಜಾಸ್ತಿ ಮಾರಾಟವಾಯಿತು. ನಕಲುಗಳ ಲೆಕ್ಕ ಯಾರೂ ಇಡಲಿಲ್ಲ. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಸೆಗಾ ಯಂತ್ರಗಳನ್ನು ಭಾರತದಲ್ಲಿ ಮಾರಲು ಹೊರಟಾಗ ಮೆಗಾ ಡ್ರೈವ್ ಬೆಲೆ 18,000 ರೂಪಾಯಿ. ನಮ್ಮಂಥವರ ಮನೆಗೆ ಅದು ಬರುವ ಮಾತೇ ಇರಲಿಲ್ಲ. ಅಮೆರಿಕದಲ್ಲಿ ಗೆದ್ದ ಮೆಗಾ ಡ್ರೈವ್ ಇಲ್ಲಿ ಸೋತಿತು, ಯಾರೂ ಕೇಳದ ನಕಲು ಡಬ್ಬಿ ಇಲ್ಲಿ ಗೆದ್ದಿತು. 9999ರಲ್ಲಿ ಬೇರೆ ಬೇರೆ ಆಟ ಹತ್ತೋ ಇಪ್ಪತ್ತೋ ಇದ್ದಿರಬೇಕು, ಉಳಿದದ್ದೆಲ್ಲ ಅವೇ ತಿರುಗಿ ತಿರುಗಿ ಬರುತ್ತಿದ್ದವು. ನಾನು ಬೇಸಿಗೆ ರಜೆಯಲ್ಲಿ ಒಂದೊಂದೇ ಎಣಿಸಲು ಹೊರಟು ಇನ್ನೂರಕ್ಕೆ ಕೈಬಿಟ್ಟೆ.

ಡಬ್ಬಿ ಇನ್ನೂ ಇದ್ದರೆ ಒಂದು ವಿನಂತಿ. ಕ್ಯಾಸೆಟ್‌ಗೆ ಬಾಯಿಂದ ಊದಬೇಡಿ. ಉಸಿರಿನ ತೇವಕ್ಕೆ ಪಿನ್‌ಗಳು ಹಸಿರಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಎರಡನೇ ಪ್ಯಾಡ್ ಕೆಲಸ ಮಾಡುತ್ತಿದ್ದರೆ ಬರೆಯಿರಿ, ನಾನೇ ಬರುತ್ತೇನೆ.