1 ಶಿಲಿಂಗ್ ದಂಡದ ಹಿಂದಿನ ರಾಜಿ

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹಲ್ಲೆ ಸಾಬೀತಾದ ಮೇಲೂ ಎಷ್ಟೋ ಸಲ 1 ಶಿಲಿಂಗ್ ದಂಡ ಹಾಕಿ ಬಿಟ್ಟುಬಿಡುತ್ತಿದ್ದರು ಎಂದು ಓದಿದೆ. ಪೆಟ್ಟು ತಿಂದವರು ದುಡ್ಡು ತೆಗೆದುಕೊಂಡು ರಾಜಿ ಆಗಿರುತ್ತಿದ್ದರಂತೆ. ಕೋರ್ಟು ಇದಕ್ಕೆ ಹೇಗೆ ಒಪ್ಪಿತು? ರಾಜಿಯ ಮೇಲೇ ಜಗಳ ಎದ್ದರೆ ಏನಾಗುತ್ತಿತ್ತು?

ಉತ್ತರ: ಆ 1 ಶಿಲಿಂಗ್ ನೋಡಿ ಶಿಕ್ಷೆ ಅಷ್ಟೇ ಅಂದುಕೊಳ್ಳಬೇಡಿ. ದೊಡ್ಡ ಮೊತ್ತ ದಾಖಲೆಯ ಹೊರಗೆ ಕೈಯಿಂದ ಕೈಗೆ ಹೋಗಿರುತ್ತಿತ್ತು.

ಆಗ ಈಗಿನಂಥ ಪೊಲೀಸರಿರಲಿಲ್ಲ. ಲಂಡನ್ನಿಗೇ ಅಂಥ ಪಡೆ ಬಂದದ್ದು 1829ರಲ್ಲಿ. ಹೊಡೆಸಿಕೊಂಡವನೇ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು, ಸಾಕ್ಷಿಗಳನ್ನು ಕರೆತರಬೇಕು, ಕೈಯಿಂದ ಖರ್ಚು ಹಾಕಬೇಕು. ಕೇಸು ನಡೆಯುವುದು ಮಾತ್ರ ರಾಜನ ಹೆಸರಿನಲ್ಲಿ. ದಂಡದಲ್ಲಿ ಹೊಡೆಸಿಕೊಂಡವನಿಗೆ ಒಂದು ಪೆನ್ನಿಯೂ ಇಲ್ಲ. ಸಿವಿಲ್ ದಾವೆ ಹೂಡಬಹುದಿತ್ತು, ಆದರೆ ಎರಡನೇ ಚಾರ್ಲ್ಸ್ ಕಾಲದ ಒಂದು ಕಾನೂನು ಅಲ್ಲಿ ಅಡ್ಡ ಬರುತ್ತಿತ್ತು. ಪರಿಹಾರ 40 ಶಿಲಿಂಗಿಗಿಂತ ಕಡಿಮೆಯಾದರೆ, ಹಲ್ಲೆ ಸಾಬೀತಾಗಿದೆ ಎಂದು ನ್ಯಾಯಾಧೀಶರು ಬರೆದುಕೊಡದ ಹೊರತು, ಕೋರ್ಟು ಖರ್ಚೂ ಆ ಪರಿಹಾರಕ್ಕಿಂತ ಜಾಸ್ತಿ ಸಿಗುತ್ತಿರಲಿಲ್ಲ. 10 ಶಿಲಿಂಗ್ ಗೆದ್ದವನಿಗೆ ಖರ್ಚಿನ ಬಾಬ್ತಿಗೂ 10 ಶಿಲಿಂಗೇ. ವಕೀಲರ ಫೀಸಿಗೆ ಅದೆಲ್ಲಿ ಸಾಲುತ್ತದೆ?

ಹಾಗಾಗಿ ಒಂದು ದಾರಿ ಬೆಳೆಯಿತು. ತಪ್ಪು ಸಾಬೀತಾದ ಮೇಲೆ, ಶಿಕ್ಷೆ ಹೇಳುವ ಮೊದಲು, ಆರೋಪಿಗೆ ದೂರುದಾರನ ಜೊತೆ ಮಾತಾಡಲು ಕೋರ್ಟು ಅವಕಾಶ ಕೊಡುತ್ತಿತ್ತು. ಅವನ ಖರ್ಚು, ಮೇಲಿಷ್ಟು ಪರಿಹಾರ ಕೊಟ್ಟರೆ ಅವನು 'ನನಗೆ ತೃಪ್ತಿಯಾಗಿದೆ' ಅನ್ನುತ್ತಿದ್ದ. ಆಮೇಲೆ ಹೆಸರಿಗೊಂದು ದಂಡ.

ಪ್ರಸಿದ್ಧ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟನ್‌ಗೆ ಇದು ಹಿಡಿಸಿರಲಿಲ್ಲ. 1769ರಲ್ಲಿ ಆತ ಇದನ್ನು ಅಪಾಯದ ಪದ್ಧತಿ ಎಂದೇ ಬರೆದ. ದೊಡ್ಡ ಕೋರ್ಟುಗಳ ವಿವೇಚನೆಗೆ ಬಿಡಬಹುದು, ಆದರೆ ಮೂರು ತಿಂಗಳಿಗೊಮ್ಮೆ ಕೂರುವ ಜಿಲ್ಲಾ ಮಟ್ಟದ ಕ್ವಾರ್ಟರ್ ಸೆಷನ್ಸ್‌ನಲ್ಲಿ ಕೂಡದು, ಅಲ್ಲಿ ಜನ ದುಡ್ಡಿನಾಸೆಗೇ ಕೇಸು ಹಾಕುತ್ತಾರೆ ಎಂಬುದು ಅವನ ವಾದ. ಅವನ ಭಯ ಸುಳ್ಳಲ್ಲ. ಆದರೂ ನಾನು ಪೂರ್ತಿ ಒಪ್ಪುವುದಿಲ್ಲ. ಕ್ವಾರ್ಟರ್ ಸೆಷನ್ಸ್‌ಗೆ ಬರುತ್ತಿದ್ದವರಲ್ಲಿ ಸಾಧಾರಣ ಜನರೇ ಜಾಸ್ತಿ. ಲಂಡನ್ನಿನ ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಅವರಿಗೆಲ್ಲಿತ್ತು? ಈ ದಾರಿಯನ್ನೂ ಮುಚ್ಚಿದರೆ ಅವರಿಗೆ ಪೆಟ್ಟಷ್ಟೇ ಉಳಿಯುತ್ತಿತ್ತು, ಅಲ್ವಾ?

ಇನ್ನು ಜಗಳದ ವಿಷಯ. ದುಡ್ಡು ತೆಗೆದುಕೊಂಡು ಮತ್ತೆ ಸಿವಿಲ್ ದಾವೆ ಹೂಡಿದರೆ, 'ರಾಜಿಯಾಗಿದೆ, ಹಣವೂ ಕೊಟ್ಟಾಗಿದೆ' ಎಂದು ಪ್ರತಿವಾದಿ ತೋರಿಸಬಹುದಿತ್ತು. ಹಣ ಕೈಸೇರಿರಬೇಕು. ಸುಮ್ನೆ 'ಕೊಡ್ತೇನೆ' ಅಂದದ್ದು ಸಾಲದು. ಮೊಹರು ಹಾಕಿದ ಹಕ್ಕು ಬಿಡುಗಡೆ ಪತ್ರ ಇದ್ದರೆ ಇನ್ನೂ ಗಟ್ಟಿ.

ಇಡೀ ಸಮಾಜಕ್ಕೆ ಹಾನಿಯಾಗುವ ಅಪರಾಧವಾದರೆ ಬೇರೆ ಮಾತು. 1767ರ ಕಾಲಿನ್ಸ್ ವಿರುದ್ಧ ಬ್ಲಾಂಟರ್ನ್ ಪ್ರಕರಣದಲ್ಲಿ ಸುಳ್ಳುಸಾಕ್ಷಿಯ ಕೇಸು ಕೈಬಿಡಲು 350 ಪೌಂಡಿನ ಒಪ್ಪಂದವಾಗಿತ್ತು. ಅದಕ್ಕಾಗಿ ಬರೆದುಕೊಟ್ಟ ಬಾಂಡನ್ನು ಕೋರ್ಟು ಅಸಿಂಧು ಎಂದಿತು. ನಮ್ಮ 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ತೆಗೆದು ನೋಡಿ. ದರೋಡೆ ಕೇಸು ಕೈಬಿಡುವ ಕರಾರಿನ ಉದಾಹರಣೆ ಅಲ್ಲಿದೆ. ಅದೂ ಅಸಿಂಧುವೇ.